ಗಿಂಪ್‌ನ ಬ್ಲೆಂಡ್ ಮೋಡ್‌ಗಳು: ಸಾದಾ ಫೋಟೊಗೆ ಕಲೆಯ ಕಳೆ ಎಷ್ಟರ ಮಟ್ಟಿಗೆ ಬರುತ್ತದೆ?

ಮೋಡ ಕವಿದ ಮಧ್ಯಾಹ್ನವೊಂದರಲ್ಲಿ ತೆಗೆದ ಒಂಟಿ ಮರದ ಫೋಟೊ ನನ್ನ ಕಂಪ್ಯೂಟರಿನಲ್ಲಿ ಬಹಳ ಕಾಲದಿಂದ ಹಾಗೆಯೇ ಉಳಿದಿತ್ತು. ಫೋಕಸ್ ಸರಿಯಾಗಿತ್ತು, ಚೌಕಟ್ಟೂ ಕೆಟ್ಟದಾಗಿರಲಿಲ್ಲ. ಆದರೆ ಒಮ್ಮೆ ನೋಡಿದವರು ಮತ್ತೊಮ್ಮೆ ತಿರುಗಿ ನೋಡುವಂಥ ಗುಣವೇನೂ ಅದರಲ್ಲಿರಲಿಲ್ಲ. ಇಂಥ ಸಪ್ಪೆ ಚಿತ್ರಗಳಿಗೆ ಒಂದಿಷ್ಟು ಕಲೆಯ ಕಳೆ ತರಲು ಸಾಧ್ಯವೇ ಎಂದು ಪರೀಕ್ಷಿಸುವ ಸಲುವಾಗಿ, ಒಂದೇ ಗುಂಡಿ ಒತ್ತಿ ಪಡೆಯುವ ಸಿದ್ಧ ಎಫೆಕ್ಟ್‌ಗಳನ್ನಾಗಲಿ ಕೃತಕ ಬುದ್ಧಿಮತ್ತೆಯ ಸಲಕರಣೆಗಳನ್ನಾಗಲಿ ಮುಟ್ಟದೆ, ಗಿಂಪ್ ತಂತ್ರಾಂಶದ ಬ್ಲೆಂಡ್ ಮೋಡ್‌ಗಳನ್ನೇ ನಂಬಿಕೊಂಡು ಕೆಲವು ತಿಂಗಳು ಕೆಲಸ ಮಾಡಿದೆ. ಆದ್ದರಿಂದ ಈ ವಿಮರ್ಶೆ ಗಿಂಪ್‌ನ ಎಲ್ಲ ಸೌಲಭ್ಯಗಳ ಕುರಿತದ್ದಲ್ಲ. ಎರಡು ಲೇಯರ್‌ಗಳನ್ನು, ಅಂದರೆ ಚಿತ್ರದ ಪದರಗಳನ್ನು, ಒಂದರ ಮೇಲೊಂದು ಇಟ್ಟಾಗ ಅವು ಹೇಗೆ ಬೆರೆಯಬೇಕೆಂದು ನಿರ್ಧರಿಸುವ ಒಂದು ಚಿಕ್ಕ ಪಟ್ಟಿಯ ಕುರಿತದ್ದು.

ಗಿಂಪ್ ಉಚಿತವಾಗಿ ಸಿಗುವ, ಮುಕ್ತ ಆಕರದ ಚಿತ್ರಸಂಪಾದಕ. 1995ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಇದನ್ನು ಆರಂಭಿಸಿದರು. ಬ್ಲೆಂಡ್ ಮೋಡ್‌ಗಳ ಮಟ್ಟಿಗೆ ಹೇಳುವುದಾದರೆ ಇದರ ಚರಿತ್ರೆಯಲ್ಲಿ ಎರಡು ಆವೃತ್ತಿಗಳು ಮುಖ್ಯವಾಗುತ್ತವೆ. 2018ರ ಏಪ್ರಿಲ್‌ನಲ್ಲಿ ಬಂದ 2.10ರಲ್ಲಿ ಬೆರಕೆಯ ಲೆಕ್ಕವನ್ನೆಲ್ಲ ಗೆಗಲ್ ಎಂಬ ಎಂಜಿನ್ನಿಗೆ ವಹಿಸಿ, ಮೋಡ್‌ಗಳ ಪಟ್ಟಿಯನ್ನು 38ಕ್ಕೆ ಏರಿಸಲಾಯಿತು; 2025ರ ಮಾರ್ಚ್‌ನಲ್ಲಿ ಬಂದ 3.0ರಲ್ಲಿ ಫಿಲ್ಟರ್‌ಗಳನ್ನು ಹಚ್ಚಿದ ಮೇಲೂ ತಿದ್ದಬಹುದಾದ ಸೌಕರ್ಯ ಸೇರಿತು. ಈ 38ರಲ್ಲಿ ನನ್ನ ನಿತ್ಯದ ಬಳಕೆಗೆ ಬಂದವು ಏಳೆಂಟು ಮಾತ್ರ. ಅಷ್ಟನ್ನು ಅರ್ಥಮಾಡಿಕೊಂಡು ಬಳಸಿದವರಿಗೆ ಈ ತಂತ್ರಾಂಶ ಧಾರಾಳವಾಗಿ ಫಲ ಕೊಡುತ್ತದೆ. ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಒಂದೊಂದಾಗಿ ಒತ್ತಿ ಅದೃಷ್ಟ ಪರೀಕ್ಷಿಸುವವರನ್ನು ಬೇಗ ದಣಿಸುತ್ತದೆ.

ಬ್ಲೆಂಡ್ ಮೋಡ್ ಎಂದರೆ ಮಂತ್ರವಲ್ಲ, ಗುಣಾಕಾರ ಭಾಗಾಕಾರಗಳ ಲೆಕ್ಕ. ಮೇಲಿನ ಲೇಯರಿನ ಒಂದು ಪಿಕ್ಸೆಲ್ಲನ್ನೂ ಅದರ ನೇರ ಕೆಳಗಿರುವ ಪಿಕ್ಸೆಲ್ಲನ್ನೂ ತೆಗೆದುಕೊಂಡು, ಒಂದು ಸೂತ್ರಕ್ಕೆ ಹಾಕಿ, ಬಂದ ಉತ್ತರವನ್ನು ತೆರೆಯ ಮೇಲೆ ತೋರಿಸಲಾಗುತ್ತದೆ. ಪಿಕ್ಸೆಲ್ಲಿನ ಅಳತೆ ಕಪ್ಪಿಗೆ 0, ಬಿಳಿಗೆ 255. ಮಲ್ಟಿಪ್ಲೈ ಮೋಡ್ ಹೆಸರೇ ಹೇಳುವಂತೆ ಎರಡನ್ನೂ ಗುಣಿಸಿ 255ರಿಂದ ಭಾಗಿಸುತ್ತದೆ. ಫೋಟೊದ ಮೇಲೆ ಅದರದೇ ಪ್ರತಿಯನ್ನು ಇಟ್ಟು ಮಲ್ಟಿಪ್ಲೈ ಆರಿಸಿದರೆ 128ರ ನಡುಬೂದು 64ಕ್ಕೆ ಇಳಿಯುತ್ತದೆ, 255ರ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ಅಂದರೆ ಬಿಳಿ ಬಣ್ಣಕ್ಕೆ ಈ ಮೋಡಿನಲ್ಲಿ ಯಾವ ಪ್ರಭಾವವೂ ಇಲ್ಲ. ಬಿಳಿ ಕಾಗದದ ಮೇಲೆ ಬಿದ್ದ ಮಸಿಯ ಕಲೆಯನ್ನೋ ಒಣಗಿದ ಎಲೆಯ ನೆರಳನ್ನೋ ಫೋಟೊ ತೆಗೆದು ಮಲ್ಟಿಪ್ಲೈನಲ್ಲಿ ಮೇಲಿಟ್ಟರೆ, ಕಾಗದ ತಾನಾಗಿಯೇ ಮಾಯವಾಗಿ ಮಸಿ ಮಾತ್ರ ಕೆಳಗಿನ ಚಿತ್ರಕ್ಕೆ ಇಳಿಯುವುದು ಇದರಿಂದಲೇ. ಸ್ಕ್ರೀನ್ ಇದರ ಪ್ರತಿಬಿಂಬ. ಅದರಲ್ಲಿ 128ರ ಮೇಲೆ 128 ಬಿದ್ದರೆ 192 ಆಗುತ್ತದೆ, ಕಪ್ಪಿಗೆ ಪ್ರಭಾವವಿಲ್ಲ. ಪ್ರತಿ ಮೋಡಿನಲ್ಲೂ ‘ಏನೂ ಮಾಡದ ಬಣ್ಣ’ ಯಾವುದೆಂದು ತಿಳಿದುಕೊಂಡರೆ ಅರ್ಧ ವಿದ್ಯೆ ಕೈಗೆ ಬಂದಂತೆ: ಮಲ್ಟಿಪ್ಲೈಗೆ ಬಿಳಿ, ಸ್ಕ್ರೀನ್‌ಗೆ ಕಪ್ಪು, ಓವರ್‌ಲೇ ಮತ್ತು ಸಾಫ್ಟ್ ಲೈಟ್‌ಗಳಿಗೆ ನಡುಬೂದು.

ನನ್ನ ಮರದ ಚಿತ್ರಕ್ಕೆ ಮೊದಲು ಪ್ರಯೋಗಿಸಿದ್ದು ಸಾಫ್ಟ್ ಲೈಟ್. ಲೇಯರಿನ ಪ್ರತಿ ಮಾಡಿ, ಮೋಡ್ ಬದಲಿಸಿ, ಬೇರೇನನ್ನೂ ಮಾಡದೆ ಬಿಟ್ಟರೂ ಚಿತ್ರಕ್ಕೆ ಜೀವ ಬಂದಂತಾಯಿತು. ಇದು ಏಕೆಂದು ಸೂತ್ರವನ್ನು ಬಿಡಿಸಿ ನೋಡಿದಾಗ ಸೊಗಸಾದ ಸಂಗತಿಯೊಂದು ಕಂಡಿತು. ಗಿಂಪ್‌ನ ಸಾಫ್ಟ್ ಲೈಟ್ ಸೂತ್ರದಲ್ಲಿ ಎರಡೂ ಕಡೆ ಅದೇ ಚಿತ್ರವಿದ್ದರೆ ಉಳಿಯುವುದು ಒಂದು ನಯವಾದ ಎಸ್ ಆಕಾರದ ಕರ್ವ್. ಛಾಯಾಗ್ರಾಹಕರು ಕಾಂಟ್ರಾಸ್ಟ್ ಹೆಚ್ಚಿಸಲು ಕರ್ವ್ಸ್ ಸಲಕರಣೆಯಲ್ಲಿ ಕೈಯಿಂದ ಎಳೆಯುವುದೂ ಅಂಥದೇ ಗೆರೆಯನ್ನು. 64 ಇದ್ದದ್ದು 40ಕ್ಕೆ ಇಳಿಯುತ್ತದೆ, 192 ಇದ್ದದ್ದು 216ಕ್ಕೆ ಏರುತ್ತದೆ, ನಡುಬೂದು ಕದಲುವುದಿಲ್ಲ. ಓವರ್‌ಲೇ ಇದೇ ಕೆಲಸವನ್ನು ಒರಟಾಗಿ ಮಾಡುತ್ತದೆ. ಅಲ್ಲಿ ಅದೇ 64 ನೇರ 32ಕ್ಕೂ 192 ನೇರ 224ಕ್ಕೂ ಹೋಗುತ್ತವೆ. ಬಂಡೆ, ಮರದ ತೊಗಟೆ, ಹಳೆಯ ಗೋಡೆಗಳಿಗೆ ಈ ಒರಟುತನ ಒಪ್ಪುತ್ತದೆ. ಮುಖಗಳಿಗೆ ಖಂಡಿತ ಒಪ್ಪುವುದಿಲ್ಲ, ಏಕೆಂದರೆ ಈ ಲೆಕ್ಕ ಕೆಂಪು, ಹಸಿರು, ನೀಲಿ ಚಾನೆಲ್‌ಗಳ ಮೇಲೆ ಬೇರೆಬೇರೆಯಾಗಿ ನಡೆಯುವುದರಿಂದ ಹೆಚ್ಚಿದ್ದ ಕೆಂಪು ಇನ್ನಷ್ಟು ಹೆಚ್ಚಿ, ಕಡಿಮೆಯಿದ್ದ ನೀಲಿ ಇನ್ನಷ್ಟು ತಗ್ಗಿ, ಚರ್ಮ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೇಲಿನ ಪ್ರತಿಯನ್ನು ಮೊದಲೇ ಕಪ್ಪುಬಿಳುಪು ಮಾಡಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ. ನಾನು ಇದನ್ನು ಕಲಿತದ್ದು ಮನೆಯವರ ಹತ್ತಾರು ಭಾವಚಿತ್ರಗಳನ್ನು ಅರಿಸಿನ ಬಳಿದಂತೆ ಮಾಡಿ, ಅವರಿಂದ ಬೈಸಿಕೊಂಡ ಮೇಲೆ.

ಹಳೆಯ ಆವೃತ್ತಿಗಳನ್ನು ಬಳಸಿದವರಿಗೆ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. 2.10ಕ್ಕಿಂತ ಹಿಂದೆ ಗಿಂಪ್‌ನ ಓವರ್‌ಲೇ ಎಂಬುದು ಲೆಕ್ಕದ ದೃಷ್ಟಿಯಿಂದ ಸಾಫ್ಟ್ ಲೈಟೇ ಆಗಿತ್ತು. ಹೆಸರು ಎರಡು, ಸೂತ್ರ ಒಂದೇ. ಎರಡರ ನಡುವೆ ವ್ಯತ್ಯಾಸವೇ ಕಾಣುವುದಿಲ್ಲವೆಂದು ಆ ಕಾಲದಲ್ಲಿ ತಮ್ಮ ಕಣ್ಣನ್ನೇ ಅನುಮಾನಿಸಿದವರ ಕಣ್ಣಿನಲ್ಲಿ ದೋಷವೇನೂ ಇರಲಿಲ್ಲ.

ಕಲಾತ್ಮಕ ನೋಟ ಎಂದಾಗ ಹೆಚ್ಚಿನವರ ಮನಸ್ಸಿಗೆ ಬರುವ ಕನಸಿನಂಥ ಹೊಳಪು ಡಿಜಿಟಲ್ ಕಾಲದ್ದಲ್ಲ. ಕೆನಡಾದ ಛಾಯಾಗ್ರಾಹಕ ಮೈಕೆಲ್ ಆರ್ಟನ್ 1980ರ ದಶಕದಲ್ಲಿ ಒಂದೇ ದೃಶ್ಯವನ್ನು ಎರಡು ಸ್ಲೈಡ್‌ಗಳಲ್ಲಿ (ಪಾರದರ್ಶಕ ಫಿಲ್ಮ್ ತುಣುಕುಗಳಲ್ಲಿ), ಎರಡನ್ನೂ ಬೇಕೆಂದೇ ಹೆಚ್ಚು ಬೆಳಕು ಕೊಟ್ಟು ತೆಗೆಯುತ್ತಿದ್ದರು. ಒಂದು ಸ್ಪಷ್ಟ, ಇನ್ನೊಂದು ಫೋಕಸ್ ತಪ್ಪಿಸಿದ್ದು. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಒತ್ತೊತ್ತಾಗಿ ಕೂಡಿಸಿದಾಗ ಬೆಳಕು ಎರಡು ಪದರಗಳನ್ನು ದಾಟಿ ಬರಬೇಕಾಗಿ, ಹೆಚ್ಚಾಗಿದ್ದ ಬೆಳಕು ಸರಿಹೋಗಿ, ಸ್ಪಷ್ಟ ಗೆರೆಗಳ ಸುತ್ತ ಮಂಜಿನಂಥ ಪ್ರಭೆ ಉಳಿಯುತ್ತಿತ್ತು. ಗಿಂಪ್‌ನಲ್ಲಿ ಇದನ್ನು ಹೆಜ್ಜೆಗೆ ಹೆಜ್ಜೆ ಅನುಸರಿಸಬಹುದು. ಫೋಟೊದ ಪ್ರತಿಯನ್ನು ಸ್ಕ್ರೀನ್ ಮೋಡಿನಲ್ಲಿ ಮೇಲಿಡುವುದು ಹೆಚ್ಚು ಬೆಳಕು ಕೊಟ್ಟದ್ದಕ್ಕೆ ಸಮ. ಆ ಎರಡನ್ನೂ ಒಂದಾಗಿ ಬೆಸೆದು, ಮತ್ತೊಂದು ಪ್ರತಿ ಮಾಡಿ, ಅದನ್ನು ಗಾಸಿಯನ್ ಬ್ಲರ್‌ನಿಂದ ಮಸುಕಾಗಿಸಿ, ಮಲ್ಟಿಪ್ಲೈ ಆರಿಸಿದರೆ ಸ್ಲೈಡ್‌ಗಳನ್ನು ಕೂಡಿಸಿದ್ದಕ್ಕೆ ಸಮ. ಸಾಮಾನ್ಯ ಲೆಕ್ಕದಲ್ಲಿ ನಡುಬೂದು 128 ಮೊದಲು 192ಕ್ಕೆ ಏರಿ, ಬಳಿಕ 145ಕ್ಕೆ ಇಳಿದು ನಿಲ್ಲುತ್ತದೆ. 30ರಷ್ಟಿದ್ದ ಗಾಢ ನೆರಳು ಮಾತ್ರ 12ರ ಆಸುಪಾಸಿಗೆ ಕುಸಿಯುತ್ತದೆ. ಪ್ರಭೆಯ ಜೊತೆಗೆ ನೆರಳುಗಳಿಗೆ ಬರುವ ಈ ಆಳವೇ ಆರ್ಟನ್ ನೋಟದ ನಿಜವಾದ ಗುಟ್ಟು; ಬರೀ ಮಸುಕಿನಿಂದ ಅದು ಬರುವುದಿಲ್ಲ.

ನನ್ನ ಮರಕ್ಕೆ ಇದು ಎಲ್ಲಕ್ಕಿಂತ ಚೆನ್ನಾಗಿ ಒದಗಿತು. 6000 ಪಿಕ್ಸೆಲ್ ಅಗಲದ ಚಿತ್ರಕ್ಕೆ ಬ್ಲರ್‌ನ ಅಳತೆಯನ್ನು 30 ಪಿಕ್ಸೆಲ್‌ನಷ್ಟು ಇಟ್ಟು, ಮಲ್ಟಿಪ್ಲೈ ಲೇಯರಿನ ಒಪಾಸಿಟಿಯನ್ನು, ಅಂದರೆ ಅದು ಎಷ್ಟು ಗಾಢವಾಗಿ ಕಾಣಬೇಕೆಂಬ ಅಳತೆಯನ್ನು, ಎಳೆದು ನೋಡುತ್ತಾ ಹೋದಾಗ, ಎಲೆಗಳ ಅಂಚುಗಳು ಚೂಪಾಗಿಯೇ ಇದ್ದು ಅವುಗಳ ಹಿಂದಿನ ಬೂದು ಆಕಾಶ ಎಲೆಗಳ ಮೇಲೆ ಹರಿದಂತೆ ಕಂಡಿತು. 3.0ರಲ್ಲಿ ಬ್ಲರ್ ಫಿಲ್ಟರ್ ಲೇಯರಿಗೆ ಅಂಟಿಕೊಂಡೇ ಇರುವುದರಿಂದ ಮೋಡ್ ಬದಲಿಸಿದ ಮೇಲೂ ಅದರ ಅಳತೆಯನ್ನು ತಿದ್ದಬಹುದು. ಹಿಂದಿನ ಆವೃತ್ತಿಗಳಲ್ಲಿ ಅಳತೆ ತಪ್ಪಿದರೆ ಲೇಯರನ್ನು ಅಳಿಸಿ ಮೊದಲಿನಿಂದ ಆರಂಭಿಸಬೇಕಿತ್ತು. ಬ್ಲೆಂಡ್ ಮೋಡ್‌ಗಳನ್ನು ಕಲೆಗಾಗಿ ಬಳಸುವವರಿಗೆ ಹೊಸ ಆವೃತ್ತಿಗೆ ಬರಲು ಈ ಒಂದು ಕಾರಣವೇ ಸಾಕು.

ಪೆನ್ಸಿಲ್ ಚಿತ್ರದ ನೋಟವನ್ನು ಕೊಡುವ ಡಾಡ್ಜ್ ತಂತ್ರ ಎಲ್ಲೆಡೆ ಪ್ರಚಾರದಲ್ಲಿದೆ. ಚಿತ್ರವನ್ನು ಕಪ್ಪುಬಿಳುಪು ಮಾಡಿ, ಪ್ರತಿ ತೆಗೆದು, ಪ್ರತಿಯನ್ನು ಇನ್ವರ್ಟ್ ಮಾಡಿ (ಕಪ್ಪನ್ನು ಬಿಳಿಗೆ, ಬಿಳಿಯನ್ನು ಕಪ್ಪಿಗೆ ತಿರುಗಿಸಿ), ಮಸುಕಾಗಿಸಿ, ಡಾಡ್ಜ್ ಮೋಡಿನಲ್ಲಿ ಮೇಲಿಡಬೇಕು. ಸಮತಲವಾದ ಜಾಗಗಳೆಲ್ಲ ಬಿಳಿಯಾಗಿ, ಅಂಚುಗಳು ಮಾತ್ರ ಸೀಸದ ಗೆರೆಗಳಂತೆ ಉಳಿಯುತ್ತವೆ. ಇದನ್ನು ವಿಧಿಯಂತೆ ಪಾಲಿಸುವವರು ಬಹಳ, ಏಕೆಂದು ಕೇಳುವವರು ಕಡಿಮೆ. ಡಾಡ್ಜ್ ಸೂತ್ರ ಕೆಳಗಿನ ಚಿತ್ರವನ್ನು ಮೇಲಿನದರ ತಿರುಗುಮುರುಗಿನಿಂದ ಭಾಗಿಸುತ್ತದೆ. ಮೇಲಿನದನ್ನು ನಾವೇ ಮೊದಲು ತಿರುಗಿಸಿ ಇಟ್ಟಿದ್ದೇವೆ. ಅದು ಮತ್ತೊಮ್ಮೆ ತಿರುಗಿದರೆ ಮೂಲಕ್ಕೇ ಬಂತು. ಹಾಗಾದರೆ ಒಟ್ಟಾರೆ ನಡೆಯುತ್ತಿರುವುದು ಚಿತ್ರವನ್ನು ಅದರ ಮಸುಕು ಪ್ರತಿಯಿಂದ ಭಾಗಿಸುವುದು, ಅಷ್ಟೆ. ಸಮತಲ ಜಾಗದಲ್ಲಿ ಎರಡೂ ಒಂದೇ ಆಗಿರುವುದರಿಂದ ಭಾಗಲಬ್ಧ ಒಂದು, ಅಂದರೆ ಬಿಳಿ. ಅಂಚಿನಲ್ಲಿ ಚಿತ್ರ ತನ್ನ ನೆರೆಹೊರೆಗಿಂತ ಕಪ್ಪಾಗಿದ್ದರೆ ಗೆರೆ. ಇಷ್ಟು ತಿಳಿದ ಮೇಲೆ ಇನ್ವರ್ಟ್ ಮಾಡುವ ಹೆಜ್ಜೆಯೇ ಬೇಕಿಲ್ಲ: ಗಿಂಪ್‌ನಲ್ಲಿ ಡಿವೈಡ್ ಎಂಬ ಮೋಡ್ ಇದೆ, ಮಸುಕು ಪ್ರತಿಗೆ ನೇರವಾಗಿ ಅದನ್ನೇ ಆರಿಸಿದರೆ ಅದೇ ಪೆನ್ಸಿಲ್ ಗೆರೆಗಳು ಬರುತ್ತವೆ. ಎರಡು ದಾರಿಗಳ ಫಲಿತಾಂಶಗಳನ್ನು ತಾಳೆ ನೋಡುವವರು ಎರಡಕ್ಕೂ ಬ್ಲೆಂಡ್ ಸ್ಪೇಸ್ (ಬೆರಕೆಯ ಲೆಕ್ಕ ಯಾವ ಬಗೆಯ ಸಂಖ್ಯೆಗಳ ಮೇಲೆ ನಡೆಯಬೇಕೆಂಬ ಆಯ್ಕೆ; ಅದರ ವಿವರ ಮುಂದೆ ಬರುತ್ತದೆ) ಒಂದೇ ಇರುವಂತೆ ನೋಡಿಕೊಳ್ಳಬೇಕು. ಮಸುಕಿನ ಅಳತೆ ಚಿಕ್ಕದಾದಷ್ಟೂ ಗೆರೆ ತೆಳು, ದೊಡ್ಡದಾದಷ್ಟೂ ಇದ್ದಿಲಿನಿಂದ ತಿಕ್ಕಿದಂಥ ನೆರಳು. ಡಿವೈಡ್ ಲೇಯರ್ ಹೊರಗೆ ತೆಗೆದ ಕಾಗದಪತ್ರದ ಫೋಟೊದಲ್ಲಿ ಬಿದ್ದ ನೆರಳನ್ನು ಅಳಿಸುವುದಕ್ಕೂ ಒದಗುತ್ತದೆ, ಆದರೆ ಅದು ಕಲೆಯ ಮಾತಲ್ಲ.

ಇಷ್ಟಾಗಿಯೂ ಈ ಪೆನ್ಸಿಲ್ ನೋಟದ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಕೈಯಿಂದ ಬರೆಯುವವರು ಯಾವ ಗೆರೆಯನ್ನು ಬಿಡಬೇಕೆಂದು ಆರಿಸುತ್ತಾರೆ. ಈ ಲೆಕ್ಕಕ್ಕೆ ಕಣ್ಣಿನ ರೆಪ್ಪೆಯೂ ಅಂಗಿಯ ನೂಲೂ ಒಂದೇ. ಪೂರ್ತಿ ಪೆನ್ಸಿಲ್ ಚಿತ್ರವಾಗಿಸುವ ಬದಲು, ಆ ಗೆರೆಗಳ ಲೇಯರನ್ನು ಬಣ್ಣದ ಮೂಲ ಚಿತ್ರದ ಮೇಲೆ ಮಲ್ಟಿಪ್ಲೈನಲ್ಲಿ ಶೇಕಡಾ 40ರಷ್ಟು ಒಪಾಸಿಟಿಯಲ್ಲಿ ಇಟ್ಟಾಗ, ಜಲವರ್ಣದ ಕೆಳಗೆ ಕರಡು ಗೆರೆ ಇಣುಕುವಂಥ ನೋಟ ಬಂದು ಹೆಚ್ಚು ಮನಸ್ಸಿಗೆ ಹಿಡಿಸಿತು.

ಟೆಕ್ಸ್ಚರ್ ಸೇರಿಸುವ ವಿಷಯದಲ್ಲಿ ಗಿಂಪ್‌ನಲ್ಲಿರುವ ಗ್ರೇನ್ ಎಕ್ಸ್‌ಟ್ರಾಕ್ಟ್ ಮತ್ತು ಗ್ರೇನ್ ಮರ್ಜ್ ಎಂಬ ಜೋಡಿಗೆ ಸಲ್ಲಬೇಕಾದಷ್ಟು ಹೆಸರು ಸಂದಿಲ್ಲ. ಗೋಡೆಯನ್ನೋ ಒರಟು ಕಾಗದವನ್ನೋ ಫೋಟೊ ತೆಗೆದು ಓವರ್‌ಲೇಯಲ್ಲಿ ಮೇಲಿಡುವುದು ರೂಢಿ. ತೊಂದರೆ ಏನೆಂದರೆ, ಆ ಗೋಡೆಯ ಒಂದು ಮೂಲೆ ಬೆಳ್ಳಗೆ ಇನ್ನೊಂದು ಮೂಲೆ ಕಪ್ಪಗೆ ಇದ್ದರೆ ಆ ಏರುಪೇರೂ ನಮ್ಮ ಚಿತ್ರಕ್ಕೆ ಅಂಟುತ್ತದೆ. ಗ್ರೇನ್ ಎಕ್ಸ್‌ಟ್ರಾಕ್ಟ್ ಕೆಳಗಿನದರಿಂದ ಮೇಲಿನದನ್ನು ಕಳೆದು 128 ಕೂಡಿಸುತ್ತದೆ. ಗೋಡೆಯ ಚಿತ್ರದಿಂದ ಅದರದೇ ಮಸುಕು ಪ್ರತಿಯನ್ನು ಹೀಗೆ ಕಳೆದರೆ ಬೆಳಕಿನ ಏರುಪೇರೆಲ್ಲ ಹೋಗಿ, ನಡುಬೂದಿನ ಹಿನ್ನೆಲೆಯಲ್ಲಿ ಗೋಡೆಯ ಒರಟು ಮೈ ಮಾತ್ರ ಉಳಿಯುತ್ತದೆ. ಆ ಬೂದು ಹಾಳೆಯನ್ನು ಫೋಟೊದ ಮೇಲೆ ಗ್ರೇನ್ ಮರ್ಜ್‌ನಲ್ಲಿ ಇಟ್ಟರೆ, ಅದು ಕೂಡಿಸಿ 128 ಕಳೆಯುವ ಲೆಕ್ಕವಾದ್ದರಿಂದ, ಚಿತ್ರದ ಬೆಳಕು ಕದಲದೆ ಮೈ ಮಾತ್ರ ಒರಟಾಗುತ್ತದೆ. ಕ್ಯಾನ್ವಾಸಿನ ಮೇಲೆ ಬರೆದ ವರ್ಣಚಿತ್ರದ ಭ್ರಮೆ ಹುಟ್ಟಿಸಲು ಇದಕ್ಕಿಂತ ಹದವಾದ ದಾರಿಯನ್ನು ನಾನು ಕಂಡಿಲ್ಲ.

ಬಣ್ಣದ ಮೋಡ್‌ಗಳಿಗೆ ಬಂದರೆ ಗಿಂಪ್‌ನಲ್ಲಿ ಎರಡು ಕುಲಗಳಿವೆ. ಎರಡೂ ಬಣ್ಣವನ್ನು ಛಾಯೆ, ಗಾಢತೆ, ಬೆಳಕು ಎಂದು ಬಿಡಿಸಿ ಅಳೆಯುವಂಥವು. ಒಂದು ಹಳೆಯದು, ಎಚ್‌ಎಸ್‌ವಿ ಮತ್ತು ಎಚ್‌ಎಸ್‌ಎಲ್ ಲೆಕ್ಕದ್ದು, ಇನ್ನೊಂದು 2.10ರಲ್ಲಿ ಬಂದ ಎಲ್‌ಸಿಎಚ್. ಎಚ್‌ಎಸ್‌ಎಲ್ ಲೆಕ್ಕಕ್ಕೆ ಶುದ್ಧ ಹಳದಿಯೂ ಶುದ್ಧ ನೀಲಿಯೂ ಒಂದೇ ಬೆಳಕಿನವು, ಎರಡೂ ಶೇಕಡಾ 50. ಕಣ್ಣಿಗೆ ಹಾಗೆ ಕಾಣುವುದಿಲ್ಲವೆಂದು ಯಾರಿಗೂ ಹೇಳಬೇಕಾಗಿಲ್ಲ. ಕಣ್ಣಿನ ಗ್ರಹಿಕೆಯನ್ನು ಆಧರಿಸಿದ ಎಲ್‌ಸಿಎಚ್ ಅಳತೆಯಲ್ಲಿ ಆ ಹಳದಿ 97ರಷ್ಟು, ನೀಲಿ 32ರಷ್ಟು. ಕಪ್ಪುಬಿಳುಪು ಚಿತ್ರಕ್ಕೆ ಕೈಯಿಂದ ಬಣ್ಣ ಬಳಿದ ಹಳೆಯ ಸ್ಟುಡಿಯೊ ಫೋಟೊಗಳ ನೋಟ ಬೇಕಿದ್ದರೆ, ಖಾಲಿ ಲೇಯರೊಂದನ್ನು ಎಲ್‌ಸಿಎಚ್ ಕಲರ್ ಮೋಡಿನಲ್ಲಿಟ್ಟು ಮೃದುವಾದ ಬ್ರಷ್‌ನಿಂದ ಬಣ್ಣ ಬಳಿಯುವುದು ಸರಿಯಾದ ದಾರಿ. ಬಣ್ಣ ಯಾವುದೇ ಇರಲಿ, ಕೆಳಗಿನ ಬೆಳಕು ನೆರಳುಗಳು ಇದ್ದಂತೆಯೇ ಉಳಿಯುತ್ತವೆ. ಎಚ್‌ಎಸ್‌ಎಲ್ ಕಲರ್‌ನಲ್ಲಿ ಅದೇ ಕೆಲಸ ಮಾಡಿದಾಗ ನೀಲಿ ಬಳಿದ ಕಡೆ ಹೊಂಡ ಬಿದ್ದಂತೆಯೂ ಹಳದಿ ಬಳಿದ ಕಡೆ ದೀಪ ಹಚ್ಚಿದಂತೆಯೂ ಆಯಿತು.

ಕಾಲ ಕಳೆದು ಬಣ್ಣ ಮಾಸಿದ ಫಿಲ್ಮ್ ಫೋಟೊದ ನೋಟಕ್ಕೆ ಎಕ್ಸ್‌ಕ್ಲೂಷನ್ ಮೋಡ್ ಒಂದೇ ಸಾಕು. ಕಡುನೀಲಿ ತುಂಬಿದ ಲೇಯರೊಂದನ್ನು, ನೀಲಿ ಚಾನೆಲ್ 80 ಉಳಿದೆರಡು 0 ಇರುವಂತೆ ಮಾಡಿ, ಈ ಮೋಡಿನಲ್ಲಿ ಇಟ್ಟರೆ ಕಪ್ಪು ಜಾಗಗಳಿಗೆ 80ರಷ್ಟು ನೀಲಿ ಸೇರುತ್ತದೆ, ಬಿಳಿ ಜಾಗಗಳಲ್ಲಿ ನೀಲಿ 255ರಿಂದ 175ಕ್ಕೆ ಇಳಿದು ತೆಳುಹಳದಿ ಕಾಣಿಸುತ್ತದೆ. ನೆರಳಿನಲ್ಲಿ ನೀಲಿ, ಬೆಳಕಿನಲ್ಲಿ ಹಳದಿ: ಎರಡು ಕೆಲಸ ಒಂದೇ ಲೇಯರಿನಲ್ಲಿ. ಒಪಾಸಿಟಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುವುದು ಒಳ್ಳೆಯದು, ಇಲ್ಲವಾದರೆ ಚಿತ್ರಕ್ಕೆ ಕಾಮಾಲೆಯ ಕಳೆ ಬರುತ್ತದೆ.

ಎರಡು ಚಿತ್ರಗಳನ್ನು ಒಂದರೊಳಗೊಂದು ಮೂಡಿಸುವ ಡಬಲ್ ಎಕ್ಸ್‌ಪೋಷರ್‌ಗೆ ಸ್ಕ್ರೀನ್ ಸಾಕಾಗುತ್ತದೆ. ಬೆಳ್ಳಗಿನ ಹಿನ್ನೆಲೆಯೆದುರು ಕಪ್ಪಾಗಿ ಕಾಣುವ ಪಾರ್ಶ್ವಮುಖವೊಂದನ್ನು ಕೆಳಗಿಟ್ಟು, ಕೊಂಬೆಗಳ ಚಿತ್ರವನ್ನು ಸ್ಕ್ರೀನ್‌ನಲ್ಲಿ ಮೇಲಿಟ್ಟರೆ, ಬಿಳಿ ಬಿಳಿಯಾಗಿಯೇ ಉಳಿದು ಮುಖದೊಳಗೆ ಮಾತ್ರ ಕೊಂಬೆಗಳು ಚಾಚಿಕೊಳ್ಳುತ್ತವೆ. ಆದರೆ ನಿಜವಾದ ಫಿಲ್ಮಿನಲ್ಲಿ ನಡೆಯುತ್ತಿದ್ದುದು ಸ್ಕ್ರೀನ್ ಲೆಕ್ಕವಲ್ಲ. ಒಂದೇ ಫಿಲ್ಮಿನ ಮೇಲೆ ಎರಡು ಸಲ ಬೆಳಕು ಬಿದ್ದು ಕೂಡುವುದು. ಅದನ್ನು ಅನುಕರಿಸಬೇಕೆನ್ನುವವರು ಎರಡೂ ಚಿತ್ರಗಳನ್ನು ಎಕ್ಸ್‌ಪೋಷರ್ ಫಿಲ್ಟರಿನಿಂದ ಒಂದೊಂದು ಸ್ಟಾಪ್, ಅಂದರೆ ಬೆಳಕು ಅರ್ಧಕ್ಕೆ ಇಳಿಯುವಷ್ಟು, ಕತ್ತಲಾಗಿಸಿ, ಅಡಿಷನ್ ಮೋಡಿನಲ್ಲಿ, ಲೀನಿಯರ್ ಬ್ಲೆಂಡ್ ಸ್ಪೇಸ್ ಇಟ್ಟು ಕೂಡಿಸಬೇಕು. ಇಲ್ಲಿಗೆ ಗಿಂಪ್‌ನ ಅತ್ಯಂತ ವಿಶಿಷ್ಟವಾದ, ಹಾಗೆಯೇ ಹೊಸಬರನ್ನು ಅತ್ಯಂತ ಗೊಂದಲಕ್ಕೆ ದೂಡುವ ಸಂಗತಿಗೆ ಬಂದೆವು.

ಫೈಲಿನಲ್ಲಿರುವ 128 ಎಂಬ ಸಂಖ್ಯೆ ಬೆಳಕಿನ ಅರ್ಧವಲ್ಲ. ಕಣ್ಣು ನೆರಳುಗಳಲ್ಲಿನ ವ್ಯತ್ಯಾಸವನ್ನು ಹೆಚ್ಚು ಸೂಕ್ಷ್ಮವಾಗಿ ಗುರುತಿಸುವುದರಿಂದ ಚಿತ್ರಗಳನ್ನು ಒಂದು ವಕ್ರರೇಖೆಯ ಪ್ರಕಾರ ಸಂಕೇತಿಸಿ ಇಡುತ್ತಾರೆ. ಬೆಳಕಿನ ಲೆಕ್ಕದಲ್ಲಿ 128 ಎಂದರೆ ಪೂರ್ಣ ಬಿಳಿಯ ಶೇಕಡಾ 22ರಷ್ಟು, ನಿಜವಾದ ಅರ್ಧ ಬೆಳಕು 188ರ ಬಳಿ ಇದೆ. ಆದ್ದರಿಂದ ಬೆರಕೆಯ ಸೂತ್ರವನ್ನು ಸಂಕೇತಿಸಿದ ಸಂಖ್ಯೆಗಳ ಮೇಲೆ ನಡೆಸಬೇಕೋ ನಿಜವಾದ ಬೆಳಕಿನ ಮೇಲೆ ನಡೆಸಬೇಕೋ ಎಂಬ ಪ್ರಶ್ನೆ ಏಳುತ್ತದೆ. ಮೊದಲನೆಯದನ್ನು ಗಿಂಪ್ ಪರ್ಸೆಪ್ಚುಯಲ್ ಎಂದೂ ಎರಡನೆಯದನ್ನು ಲೀನಿಯರ್ ಎಂದೂ ಕರೆದು, ಪ್ರತಿ ಲೇಯರಿಗೂ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ನಮಗೇ ಕೊಟ್ಟಿದೆ; ಏನನ್ನೂ ಆರಿಸದಿದ್ದರೆ ‘ಆಟೊ’ ಎಂಬ ಹೆಸರಿನಲ್ಲಿ ಆಯಾ ಮೋಡಿಗೆ ತಕ್ಕದ್ದನ್ನು ತಂತ್ರಾಂಶವೇ ತೆಗೆದುಕೊಳ್ಳುತ್ತದೆ. ಮಲ್ಟಿಪ್ಲೈಯಲ್ಲಿ ಎರಡರ ನಡುವೆ ಹೆಚ್ಚು ಅಂತರವಿಲ್ಲ: 128ರ ಮೇಲೆ 128 ಇಟ್ಟರೆ ಒಂದರಲ್ಲಿ 64, ಇನ್ನೊಂದರಲ್ಲಿ 61. ಸ್ಕ್ರೀನ್‌ನಲ್ಲಿ ಮಾತ್ರ 192 ಮತ್ತು 167, ಅಂದರೆ ಕಣ್ಣಿಗೆ ಹೊಡೆಯುವಷ್ಟು ವ್ಯತ್ಯಾಸ. ಲೀನಿಯರ್ ಸ್ಕ್ರೀನ್ ಹೊಳಪನ್ನು ಹದವಾಗಿ ಏರಿಸುತ್ತದೆ, ದೀಪಗಳ ಸುತ್ತಲಿನ ಪ್ರಭೆಗೆ ಅದು ಸಹಜ. ಪರ್ಸೆಪ್ಚುಯಲ್ ಸ್ಕ್ರೀನ್ ಇಡೀ ಚಿತ್ರವನ್ನು ಹಾಲು ಬೆರೆಸಿದಂತೆ ತಿಳಿಯಾಗಿಸುತ್ತದೆ, ಮಂಜಿನ ನೋಟಕ್ಕೆ ಅದೇ ಚೆಂದ.

ಈ ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆ. ಆದರೆ ಬೇರೆ ತಂತ್ರಾಂಶದಿಂದ ಬಂದವರು ನಾರ್ಮಲ್ ಮೋಡಿನಲ್ಲೇ ಬಿಳಿಯ ಮೇಲೆ ಅರ್ಧ ಒಪಾಸಿಟಿಯ ಕಪ್ಪನ್ನು ಇಟ್ಟು 128ರ ಬದಲು 188 ಬಂದಾಗ ತಂತ್ರಾಂಶ ಕೆಟ್ಟಿದೆಯೆಂದುಕೊಳ್ಳುವುದು ಸಹಜ. ಆಯ್ಕೆ ಇರುವ ಜಾಗವೂ ಎದ್ದುಕಾಣುವಂಥದ್ದಲ್ಲ. ಲೇಯರಿನ ಚಿಕ್ಕ ಚಿತ್ರದ ಮೇಲೆ ಎರಡು ಸಲ ಒತ್ತಿ ತೆರೆಯುವ ಕಿಟಕಿಯಲ್ಲಿ ಬ್ಲೆಂಡ್ ಸ್ಪೇಸ್, ಕಾಂಪೊಸಿಟ್ ಸ್ಪೇಸ್, ಕಾಂಪೊಸಿಟ್ ಮೋಡ್ ಎಂಬ ಮೂರು ಸಾಲುಗಳು ಸಾಲಾಗಿ ನಿಂತಿರುತ್ತವೆ, ವಿವರಣೆ ಮಾತ್ರ ಇರುವುದಿಲ್ಲ. ಚಿತ್ರಕಲೆಯ ಉದ್ದೇಶಕ್ಕೆ ಮೊದಲನೆಯದನ್ನು ಮಾತ್ರ ಮುಟ್ಟಿ, ಉಳಿದೆರಡನ್ನು ಆಟೊದಲ್ಲೇ ಬಿಡುವುದು ಕ್ಷೇಮ.

ಪಟ್ಟಿಯಲ್ಲಿ ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹಾರ್ಡ್ ಮಿಕ್ಸ್ ಪ್ರತಿ ಚಾನೆಲ್ಲನ್ನೂ 0 ಅಥವಾ 255ಕ್ಕೆ ತಳ್ಳುವುದರಿಂದ ಇಡೀ ಚಿತ್ರ 8 ಬಣ್ಣಗಳಲ್ಲಿ ಮುಗಿಯುತ್ತದೆ. ಗೋಡೆಗೆ ಅಂಟಿಸುವ ಪೋಸ್ಟರಿನಂಥ ನೋಟಕ್ಕೆ ಶೇಕಡಾ 20ರ ಆಸುಪಾಸಿನಲ್ಲಿ ಸಹ್ಯ. ವಿವಿಡ್ ಲೈಟ್ ಮತ್ತು ಪಿನ್ ಲೈಟ್‌ಗಳಿಂದ ನನಗೆ ಒಮ್ಮೆಯೂ ಉಳಿಸಿಕೊಳ್ಳುವಂಥ ಚಿತ್ರ ಸಿಕ್ಕಿಲ್ಲ. ಡಿಫರೆನ್ಸ್ ಎರಡು ಚಿತ್ರಗಳನ್ನು ಸರಿಯಾಗಿ ಹೊಂದಿಸಿದ್ದೇವೆಯೇ ಎಂದು ನೋಡಲು ಒಳ್ಳೆಯ ಸಲಕರಣೆ. ಹೊಂದಿದ ಕಡೆಯೆಲ್ಲ ಕಪ್ಪಾಗುತ್ತದೆ. ಡಿಸಾಲ್ವ್ ಒಪಾಸಿಟಿ ಕಡಿಮೆಯಾದಂತೆ ಪಿಕ್ಸೆಲ್‌ಗಳನ್ನು ಅಲ್ಲೊಂದು ಇಲ್ಲೊಂದು ಉದುರಿಸುತ್ತದೆ, ಮೆತ್ತನೆಯ ಅಂಚಿನ ಬ್ರಷ್‌ನಿಂದ ಬಳಿದ ಲೇಯರಿಗೆ ಹಚ್ಚಿದರೆ ಬಣ್ಣ ಸಿಂಪಡಿಸಿದಂತೆ ಕಾಣುತ್ತದೆ.

ಮೋಡ್ ಯಾವುದೇ ಇರಲಿ, ಒಪಾಸಿಟಿ ಮತ್ತು ಲೇಯರ್ ಮಾಸ್ಕ್ (ಕಪ್ಪು ಬಳಿದ ಕಡೆ ಲೇಯರನ್ನು ಮರೆಮಾಡುವ ಮುಸುಕು) ಇಲ್ಲದೆ ಕೆಲಸ ಮುಗಿಯುವುದಿಲ್ಲ. ನನ್ನ ಮರದ ಚಿತ್ರದಲ್ಲಿ ಆರ್ಟನ್ ಪ್ರಭೆ ನೆಲದ ಹುಲ್ಲಿಗೆ ಬೇಕಿರಲಿಲ್ಲ. ಮಾಸ್ಕ್ ಹಾಕಿ ಕೆಳಭಾಗಕ್ಕೆ ಕಪ್ಪು ಬಳಿದಾಗ ಹುಲ್ಲು ಮತ್ತೆ ಸ್ಪಷ್ಟವಾಗಿ, ಮರ ಮಾತ್ರ ಮಂಜಿನಲ್ಲಿ ನಿಂತಿತು. ಹಲವು ಲೇಯರ್‌ಗಳನ್ನು ಒಂದು ಗುಂಪಿಗೆ ಸೇರಿಸಿದಾಗ ಗುಂಪಿಗೂ ಒಂದು ಮೋಡ್ ಇರುತ್ತದೆಂಬುದನ್ನು ಮರೆಯಬಾರದು. ಗುಂಪು ನಾರ್ಮಲ್‌ನಲ್ಲಿದ್ದರೆ ಒಳಗಿನ ಮಲ್ಟಿಪ್ಲೈ, ಸ್ಕ್ರೀನ್‌ಗಳೆಲ್ಲ ಗುಂಪಿನೊಳಗೇ ಬೆರೆಯುತ್ತವೆ, ಕೆಳಗಿನ ಫೋಟೊಗೆ ಇಳಿಯುವುದಿಲ್ಲ. ಇಳಿಯಬೇಕಾದರೆ ಗುಂಪನ್ನು ಪಾಸ್ ಥ್ರೂಗೆ ಬದಲಿಸಬೇಕು. ನಾಲ್ಕು ಲೇಯರ್‌ಗಳನ್ನು ಅಚ್ಚುಕಟ್ಟಾಗಿ ಗುಂಪಿಗೆ ಸೇರಿಸಿದ ಕ್ಷಣದಲ್ಲೇ ಚಿತ್ರ ಬದಲಾಗಿ ನಾನು ಒಂದು ಸಂಜೆಯಿಡೀ ತಲೆ ಕೆರೆದುಕೊಂಡದ್ದು ಇದೇ ಕಾರಣಕ್ಕೆ.

ಕೊರತೆಗಳಲ್ಲಿ ಮುಖ್ಯವಾದದ್ದು ಪೂರ್ವನೋಟದ್ದು. ಪಟ್ಟಿಯಲ್ಲಿನ ಹೆಸರುಗಳ ಮೇಲೆ ಮೌಸ್ ಓಡಿಸಿದಾಗ ಚಿತ್ರ ಹೇಗೆ ಬದಲಾದೀತೆಂದು ಕಾಣುವುದಿಲ್ಲ. ಪ್ರತಿಯೊಂದನ್ನೂ ಆರಿಸಿ, ನೋಡಿ, ಮತ್ತೆ ಪಟ್ಟಿ ತೆರೆಯಬೇಕು. ಸಮಾಧಾನದ ಸಂಗತಿಯೆಂದರೆ ಬಹಳಷ್ಟು ಫಿಲ್ಟರ್‌ಗಳ ಕಿಟಕಿಯಲ್ಲೇ ಬ್ಲೆಂಡಿಂಗ್ ಆಪ್ಷನ್ಸ್ ಎಂಬ ಭಾಗವಿದ್ದು, ಪ್ರತ್ಯೇಕ ಪ್ರತಿ ಮಾಡದೆಯೂ ಬ್ಲರ್ ಅನ್ನು ಸಾಫ್ಟ್ ಲೈಟ್‌ನಲ್ಲೋ ಸ್ಕ್ರೀನ್‌ನಲ್ಲೋ ಹಚ್ಚಬಹುದು. ಇನ್ನೊಂದು ವಿಷಯ ವೇಗದ್ದು. 8 ಬಿಟ್ ಚಿತ್ರದಲ್ಲಿ ಪ್ರತಿ ಚಾನೆಲ್‌ಗೆ ಇರುವುದು 256 ಮೆಟ್ಟಿಲುಗಳು ಮಾತ್ರ. ನಾಲ್ಕಾರು ಮೋಡ್‌ಗಳು ಅದನ್ನು ಹಿಗ್ಗಿಸಿ ಕುಗ್ಗಿಸಿದಾಗ ಆಕಾಶದಲ್ಲಿ ಪಟ್ಟೆಗಳು ಕಾಣಿಸಿಕೊಳ್ಳುತ್ತವೆ. ಪ್ರಿಸಿಷನ್ ಆಯ್ಕೆಯಲ್ಲಿ 32 ಬಿಟ್ ಫ್ಲೋಟಿಂಗ್ ಪಾಯಿಂಟ್‌ಗೆ ಹೋದರೆ ಬೆರಕೆಯ ಪ್ರತಿ ಹೆಜ್ಜೆಯಲ್ಲೂ ಸಂಖ್ಯೆ ದುಂಡಾಗದೆ ಉಳಿಯುವುದರಿಂದ ಹೊಸ ಪಟ್ಟೆಗಳು ಹುಟ್ಟುವುದಿಲ್ಲ, ಆದರೆ ದೊಡ್ಡ ಚಿತ್ರದಲ್ಲಿ, ಹಳೆಯ ಕಂಪ್ಯೂಟರಿನಲ್ಲಿ, ಒಪಾಸಿಟಿಯ ಗುಂಡಿಯನ್ನು ಎಳೆದ ಮೇಲೆ ತೆರೆ ತುಂಡುತುಂಡಾಗಿ ಬದಲಾಗುವುದನ್ನು ಕಾಯುತ್ತಾ ಕೂರಬೇಕಾಗುತ್ತದೆ. ನಾನು ಚಿತ್ರವನ್ನು ನಾಲ್ಕನೆಯ ಒಂದು ಭಾಗಕ್ಕೆ ಕುಗ್ಗಿಸಿದ ಪ್ರತಿಯಲ್ಲಿ ಮೋಡ್‌ಗಳನ್ನು ಪ್ರಯೋಗಿಸಿ, ಒಪ್ಪಿಗೆಯಾದದ್ದನ್ನು ಮಾತ್ರ ಪೂರ್ಣ ಗಾತ್ರದಲ್ಲಿ ಮಾಡುತ್ತೇನೆ. ಆಗ ಬ್ಲರ್‌ನ ಅಳತೆಯನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಬೇಕೆಂಬುದು ನೆನಪಿರಬೇಕು.

ಜೆಪೆಗ್‌ಗೆ ರಫ್ತು ಮಾಡಿದೊಡನೆ ಲೇಯರ್‌ಗಳೆಲ್ಲ ಒಂದಾಗಿಬಿಡುತ್ತವೆ. ಗಿಂಪ್‌ನ ಸ್ವಂತ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿದರೆ ಮಾತ್ರ ಮೋಡ್‌ಗಳೂ ಮಾಸ್ಕ್‌ಗಳೂ ಇದ್ದಂತೆ ಉಳಿಯುತ್ತವೆ. ಆದರೂ ಆರು ತಿಂಗಳ ನಂತರ ಅದೇ ಫೈಲನ್ನು ತೆರೆದಾಗ ‘ಲೇಯರ್ ಕಾಪಿ 3’ ಎಂಬುದು ಏನೆಂದು ನೆನಪಾಗುವುದಿಲ್ಲ. ಹಾಗಾಗಿ ಈಗ ಮರದ ಚಿತ್ರದ ಲೇಯರ್‌ಗಳಿಗೆ ಕೆಳಗಿನಿಂದ ಮೇಲಕ್ಕೆ ಹೀಗೆ ಹೆಸರಿಟ್ಟಿದ್ದೇನೆ: ‘ಮೂಲ’, ‘ಸ್ಕ್ರೀನ್ ಬೆಸುಗೆ’, ‘ಮಲ್ಟಿಪ್ಲೈ, ಬ್ಲರ್ 30, ಹುಲ್ಲಿಗೆ ಬೇಡ’, ‘ಗೋಡೆಯ ಮೈ, ಗ್ರೇನ್ ಮರ್ಜ್ 25’, ‘ಕಡುನೀಲಿ ಎಕ್ಸ್‌ಕ್ಲೂಷನ್ 15’.